ಸಾವೋ ಸಿಂಹಗಳೂ ಪ್ಯಾಟರ್ಸನ್ನನ ಲೆಕ್ಕವೂ

ಬೇಟೆಗಾರನು ಲೇಖನಿ ಹಿಡಿದರೆ ಅವನೇ ಸಾಕ್ಷಿ, ಅವನೇ ನ್ಯಾಯಾಧೀಶ. ಅವನ ಮಾತನ್ನು ಅಲ್ಲಗಳೆಯಲು ಸತ್ತ ಮೃಗವು ಎದ್ದು ಬರುವಂತಿಲ್ಲ. ಕೆದಂಬಾಡಿ ಜತ್ತಪ್ಪ ರೈಗಳ ‘ಬೇಟೆಯ ನೆನಪುಗಳು’ ಕೃತಿಯನ್ನೂ, ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ಕಥೆಗಳನ್ನೂ ಸವಿದವರಿಗೆ ಈ ಜಾತಿಯ ಬರವಣಿಗೆಯ ರುಚಿ ಗೊತ್ತು. ಇದರಲ್ಲಿ ಲೋಕಪ್ರಸಿದ್ಧವಾದ ಗ್ರಂಥ ‘ದಿ ಮ್ಯಾನ್-ಈಟರ್ಸ್ ಆಫ್ ಸಾವೋ’. 1907ರಲ್ಲಿ ಪ್ರಕಟವಾದ ಇದರ ಕರ್ತೃ ಜಾನ್ ಹೆನ್ರಿ ಪ್ಯಾಟರ್ಸನ್.

1867ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ಈತ, ಸೈನಿಕನಾಗಿ ಭಾರತದಲ್ಲಿ ಕೆಲಕಾಲವಿದ್ದು, ಹಿಂದುಸ್ಥಾನಿಯನ್ನು ಬಲ್ಲವನಾಗಿದ್ದ. 1898ರ ಮಾರ್ಚಿಯಲ್ಲಿ ಮೊಂಬಾಸಾಕ್ಕೆ ಬಂದಿಳಿದಾಗ ಅವನ ಪಾಲಿಗೆ ಬಂದದ್ದು ಉಗಾಂಡಾ ರೈಲ್ವೆಗಾಗಿ ಸಾವೋ ನದಿಗೆ ಸೇತುವೆ ಕಟ್ಟಿಸುವ ಕೆಲಸ. ಕನ್ನಡದ ಕಿವಿಗೆ ಅಶುಭವಾಗಿಯೇ ಕೇಳಿಸುವ ಹೆಸರು! ಕೂಲಿಗಳಾದರೋ ನಮ್ಮವರೇ, ಬಹುಪಾಲು ಪಂಜಾಬದವರು. ಕೇಸರವಿಲ್ಲದ ಎರಡು ಗಂಡುಸಿಂಹಗಳು ಮುಳ್ಳುಬೇಲಿಯನ್ನೂ ಬೆಂಕಿಯನ್ನೂ ಲೆಕ್ಕಿಸದೆ ಗುಡಾರಗಳೊಳಗೆ ನುಗ್ಗಿ ಇವರನ್ನು ಎಳೆದೊಯ್ದವು. ಜಮಾದಾರ ಉಂಗನ್ ಸಿಂಗನ ಅಂತ್ಯವನ್ನು ವರ್ಣಿಸುವ ಪುಟಗಳು ಓದುಗನ ನಿದ್ದೆ ಕೆಡಿಸುವಂಥವು. ಕೊನೆಗೆ ಕೂಲಿಗಳು ಹಳಿಗಳ ಮೇಲೆ ಮಲಗಿ ರೈಲನ್ನು ತಡೆದು, ಅದನ್ನೇರಿ ಓಡಿಹೋದರು. ಸುಮಾರು ಮೂರು ವಾರ ಕೆಲಸ ನಿಂತಿತು. ಡಿಸೆಂಬರ್ 9ರಂದು ಒಂದು, 29ರಂದು ಮತ್ತೊಂದು ಸಿಂಹ ಪ್ಯಾಟರ್ಸನ್ನನ ಗುಂಡಿಗೆ ಬಲಿಯಾದವು.

ಈ ಗ್ರಂಥದ ಗುಣವಿರುವುದು ಶೌರ್ಯದ ಬಣ್ಣನೆಯಲ್ಲಿ ಅಲ್ಲ, ಭಯವನ್ನೂ ಸೋಲನ್ನೂ ಮರೆಮಾಚದ ಸರಳತೆಯಲ್ಲಿ. ಕಂಬಿಗಳ ಬೋನಿನೊಳಗೆ ಸಿಂಹ ಸಿಕ್ಕಿಬಿದ್ದಾಗ, ಅಡ್ಡಗಂಬಿಯ ಹಿಂದೆ ಕುಳಿತಿದ್ದ ಸಿಪಾಯಿಗಳು ಹಾರಿಸಿದ ಗುಂಡುಗಳು ಸಿಂಹವನ್ನು ಬಿಟ್ಟು ಬಾಗಿಲ ಕಂಬಿಯನ್ನೇ ಕಿತ್ತು ಅದಕ್ಕೆ ದಾರಿ ಮಾಡಿಕೊಟ್ಟವು! ಕತ್ತಲೆಯ ಅಟ್ಟಣೆಯಲ್ಲಿ ಉಸಿರು ಬಿಗಿಹಿಡಿದು ಕುಳಿತವನ ತಲೆಗೆ ಗೂಬೆಯೊಂದು ಬಂದು ಬಡಿದ ಪ್ರಸಂಗವನ್ನು ಕಲ್ಪನೆಯಿಂದ ಹೆಣೆಯುವುದು ಕಷ್ಟ.

ಸಿಂಹ ಕೊಂದು ಹೆಸರಾದವನಿಗೆ 1907ರಲ್ಲಿ ಮೃಗಗಳನ್ನು ಕಾಯುವ ಗೇಮ್ ವಾರ್ಡನ್ ಹುದ್ದೆ ದೊರೆಯಿತು. ಆ ಕಾಲಕ್ಕೆ ಇದು ಸೋಜಿಗವಲ್ಲ, ಬೇಟೆಗಾರರನ್ನೇ ಕಾವಲಿಗಿಡುತ್ತಿದ್ದರು. ಆದರೆ 1908ರಲ್ಲಿ ರಕ್ಷಿತ ಪ್ರದೇಶದ ಗಡಿಯನ್ನು ನೋಡಲು ಹೊರಟಾಗ, ಜೊತೆಗಿದ್ದ ಆಡ್ಲಿ ಬ್ಲೈತ್ ಎಂಬಾತ ಗುಂಡೇಟಿನಿಂದ ಸತ್ತ. ಪ್ಯಾಟರ್ಸನ್ನನು ಮೃತನ ಪತ್ನಿಯೊಡನೆ ಪ್ರಯಾಣ ಮುಂದುವರಿಸಿದುದು ಅಪವಾದಕ್ಕೆ ಎಡೆಮಾಡಿತು. ಅಪರಾಧವೇನೂ ಸಿದ್ಧವಾಗದಿದ್ದರೂ ಹುದ್ದೆ ಉಳಿಯಲಿಲ್ಲ. ಹೆಮಿಂಗ್ವೇ 1936ರಲ್ಲಿ ಬರೆದ ಫ್ರಾನ್ಸಿಸ್ ಮಕೋಂಬರನ ಕಥೆಗೆ ಇದೇ ಬೀಜವೆಂದು ಹೇಳುವುದುಂಟು. ಮುಂದೆ ಮೊದಲ ಮಹಾಯುದ್ಧದಲ್ಲಿ ಯಹೂದಿ ಪಡೆಗಳ ನಾಯಕನಾಗಿ, ಆ ಕುರಿತು ಎರಡು ಗ್ರಂಥ ಬರೆದು, 1947ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆತ ತೀರಿಕೊಂಡ.

ನನ್ನ ತಕರಾರು ಲೆಕ್ಕದ್ದು. 1907ರ ಗ್ರಂಥದಲ್ಲಿ ಸಿಂಹಗಳಿಗೆ ಬಲಿಯಾದ ಭಾರತೀಯರು 28. ಆಫ್ರಿಕನ್ನರನ್ನು ಎಣಿಸಿದವರೇ ಇಲ್ಲ. 1924ರಲ್ಲಿ ಚಿಕಾಗೋದ ಫೀಲ್ಡ್ ಮ್ಯೂಸಿಯಂ ಆ ಚರ್ಮಗಳನ್ನು 5,000 ಡಾಲರಿಗೆ ಕೊಂಡಿತು. ಬಳಿಕ ಪ್ಯಾಟರ್ಸನ್ನನ ಬರವಣಿಗೆಯಲ್ಲಿ ಸಂಖ್ಯೆ 135ಕ್ಕೆ ಏರಿತು. ಸಿಂಹಗಳ ಕೂದಲು, ಎಲುಬುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ಅವು ತಿಂದದ್ದು ಸುಮಾರು 35 ಜನರನ್ನೆಂದು 2009ರಲ್ಲಿ ಅಂದಾಜು ಮಾಡಿದರು. ಕೊಂದವರನ್ನೆಲ್ಲ ತಿಂದಿರಲಾರವು, ನಿಜ. ಆದರೂ 135 ದೂರದ ಮಾತು. ಇತ್ತ ಆ ರೈಲುದಾರಿಯುದ್ದಕ್ಕೂ ಮಡಿದ ಭಾರತೀಯ ಕೂಲಿಗಳು ಸುಮಾರು 2,500. ಅವರಲ್ಲಿ ಬಹುತೇಕರನ್ನು ಕೊಂಡೊಯ್ದ ರೋಗರುಜಿನಗಳ ಮೇಲೆ ಯಾರೂ ರೋಚಕ ಗ್ರಂಥ ಬರೆಯಲಿಲ್ಲ.

ಆ ಕೂಲಿಗಳ ದನಿ ಗ್ರಂಥದ ಕೊನೆಯಲ್ಲೊಮ್ಮೆ ಕೇಳಿಸುತ್ತದೆ. 1899ರ ಜನವರಿಯಲ್ಲಿ ಅವರು ಪ್ಯಾಟರ್ಸನ್ನನಿಗೆ ಬೆಳ್ಳಿಯ ಬಟ್ಟಲನ್ನಿತ್ತರು. ಮೇಸ್ತ್ರಿ ರೋಶನ್ ಹಿಂದುಸ್ಥಾನಿಯಲ್ಲಿ ದೀರ್ಘ ಪದ್ಯ ಕಟ್ಟಿದ. ಅನುಬಂಧದಲ್ಲಿ ಅದರ ಇಂಗ್ಲಿಷ್ ಅನುವಾದವಿದೆ. ಇದೇ ಧಣಿಯನ್ನು ಕೊಲ್ಲಲು ಹಿಂದೆ ಹೊಂಚು ಹಾಕಿದ್ದವರು ಕಲ್ಲುಗಣಿಯ ಕೆಲಸಗಾರರು. ಅವರು ಪದ್ಯ ಬರೆಯಲಿಲ್ಲ.