ಸಕಲೇಶಪುರದ ಶಾಸನವನ್ನು ಎಲ್ಲಿ ಹುಡುಕಬೇಕು?

ಎಡಕುಮೇರಿಯ ರೈಲುಹಳಿ ಮೇಲೆ ನಡೆಯೋದು ನಿಷಿದ್ಧ. ಹಾಗಾಗಿ ಕಳೆದ ಶನಿವಾರ ಗೆಳೆಯನೂ ನಾನೂ ಕಾರನ್ನು ಸಕಲೇಶಪುರದ ಹಳ್ಳಿಗಳ ಕಡೆ ತಿರುಗಿಸಿದೆವು. ಒಂದು ಗುಡಿಯ ಹಿಂದೆ ಪಾಚಿ ಹಿಡಿದ ವೀರಗಲ್ಲು: ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಲಿಂಗ. ಪಟ್ಟಿಕೆಗಳ ನಡುವೆ ಅಕ್ಷರ. ಗೆಳೆಯ ತಂತಿ ಬ್ರಷ್ ತೆಗೆದ. ‘ಬೇಡ ಮಾರಾಯ, ಪಾಚಿ ಜೊತೆ ಅಕ್ಷರವೂ ಹೋಗುತ್ತೆ’ ಅಂದೆ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಸಾಕು, ಗೆರೆಗಳಲ್ಲಿ ನೆರಳು ನಿಲ್ಲುತ್ತೆ.

‘ಹೊಸ ಶಾಸನ!’ ಅಂತ ಕುಣಿಯುವ ಮುನ್ನ ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 5ನೇ ಸಂಪುಟ (1902) ನೋಡಿ. ಅದರಲ್ಲಿ ಸಕಲೇಶಪುರ ತಾಲ್ಲೂಕು ಸಿಗಲ್ಲ. ಆಗ ಅದು ಮಂಜರಾಬಾದ್ ತಾಲ್ಲೂಕು, ಟಿಪ್ಪುವಿನ ನಕ್ಷತ್ರಾಕಾರದ ಕೋಟೆಯ ಹೆಸರೇ. ಇದು ತಿಳಿಯದೆ ನಾನು ‘ಅಪ್ರಕಟಿತ’ ಅಂತ ಬರೆದಿಟ್ಟ ಎರಡು ಕಲ್ಲು ಅಲ್ಲಿ ಎಂದೋ ಅಚ್ಚಾಗಿದ್ದವು. ಈ ಊರಿನ ಹೆಸರನ್ನೂ ರಾತ್ರಿ ಹುಡುಕಿದೆ. ಇತ್ತು.