ಕಾರಿನ ಕೀಲಿಕೈ ಸದ್ದಾದರೆ ನಾಯಿ ಮಂಚದಡಿ

ನಮ್ಮ ಮನೆಯಲ್ಲಿ ಸ್ಕೂಟರಿನ ಕೀಲಿಕೈ, ಕಾರಿನ ಕೀಲಿಕೈ ಎರಡೂ ಒಂದೇ ಮೊಳೆಗೆ ನೇತಾಡುತ್ತವೆ. ಸ್ಕೂಟರಿನದು ತೆಗೆದರೆ ನಮ್ಮ ನಾಯಿ ಬೆಳ್ಳಿ ಬಾಲ ಅಲ್ಲಾಡಿಸುತ್ತಾಳೆ. ಕಾರಿನದು ತೆಗೆದರೆ ಮಂಚದಡಿ ಸೇರುತ್ತಾಳೆ. ನಮ್ಮ ಕಿವಿಗೆ ಎರಡೂ ಒಂದೇ ಸದ್ದು, ಅವಳಿಗಲ್ಲ. ಕಾರಿನ ಹತ್ತಿರ ಎಳೆದೊಯ್ದರೆ ನಾಲ್ಕೂ ಕಾಲು ನೆಲಕ್ಕೆ ಊರಿ ಕೂರುತ್ತಾಳೆ. ಎತ್ತಿ ಒಳಗೆ ಹಾಕಿದರೆ ಬೀದಿಯ ಮೊದಲ ತಿರುವು ಬರುವ ಮುಂಚೆಯೇ ಜೊಲ್ಲು ಎಳೆ ಎಳೆಯಾಗಿ ಸೀಟಿನ ಮೇಲೆ ಇಳಿಯುತ್ತದೆ. ಪಶು ಆಸ್ಪತ್ರೆಗೆ ಹೋಗಲು ಇಷ್ಟವಿಲ್ಲದ ನಾಟಕ ಇದೆಲ್ಲ ಎಂದು ನಾನೂ ಬಹಳ ದಿನ ನಂಬಿದ್ದೆ.

ಜೊಲ್ಲನ್ನು ನೋಡಿಯಾದರೂ ನನಗೆ ಗೊತ್ತಾಗಬೇಕಿತ್ತು. ಹಟಕ್ಕೆ ಯಾರೂ ಜೊಲ್ಲು ಸುರಿಸುವುದಿಲ್ಲ. ಹೊಟ್ಟೆ ತೊಳಸಿದಾಗ ನಮ್ಮ ಬಾಯಲ್ಲೂ ನೀರೂರುತ್ತದೆ. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ನಿಂಬೆಹಣ್ಣು ಮೂಸುತ್ತ ಕೂತವರಿಗೆಲ್ಲ ಅದರ ಪರಿಚಯವಿದೆ.

ನಾಯಿಯ ಒಳಕಿವಿಯಲ್ಲೂ ನಮ್ಮಂತೆಯೇ ದ್ರವ ತುಂಬಿದ ಮೂರು ಅರ್ಧವೃತ್ತ ನಾಳಗಳಿವೆ. ತಲೆ ಯಾವ ಕಡೆ ತಿರುಗಿತು ಎಂಬ ಲೆಕ್ಕ ಅವುಗಳದು. ಪಕ್ಕದಲ್ಲಿ ಸುಣ್ಣದ ಸಣ್ಣ ಹರಳುಗಳನ್ನು ಹೊತ್ತ ಎರಡು ಚೀಲಗಳಿವೆ. ದೇಹ ಮುಂದೆ ನುಗ್ಗಿತೇ, ತಟ್ಟನೆ ನಿಂತಿತೇ, ಮೇಲೆದ್ದು ಕುಸಿಯಿತೇ ಎಂದು ಅವು ಮೆದುಳಿಗೆ ವರದಿ ಒಪ್ಪಿಸುತ್ತವೆ. ಈ ಅಂಗಗಳಿಗೆ ತಿಳಿಯುವುದು ವೇಗದಲ್ಲಾಗುವ ಬದಲಾವಣೆ, ವೇಗವಲ್ಲ. ಒಂದೇ ವೇಗದಲ್ಲಿ ನೆಟ್ಟಗೆ ಸಾಗುವ ಕಾರು ಅವುಗಳ ಪಾಲಿಗೆ ನಿಂತ ಕಾರೇ. ಆದ್ದರಿಂದಲೇ ಹೆದ್ದಾರಿಯಲ್ಲಿ ಸುಮ್ಮನೆ ಮಲಗುವ ನಾಯಿ ಬೆಂಗಳೂರಿನ ಸಿಗ್ನಲ್ಲು, ಹಂಪು, ಗುಂಡಿಗಳ ನಡುವೆ ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಕಂಗೆಡಬಹುದು. ಹಿಂದಿನ ಸೀಟಿನಲ್ಲಿ ಕುಳಿತ ನಾಯಿಯ ಕಣ್ಣಿಗೆ ಎದುರಿನ ಸೀಟಿನ ಬೆನ್ನು ಅಲುಗದೆ ನಿಂತಂತೆ ಕಾಣುತ್ತದೆ, ಕಿವಿಯೋ ಹೊಯ್ದಾಡುತ್ತಿದ್ದೇವೆ ಎನ್ನುತ್ತದೆ. ಎರಡು ಸಾಕ್ಷಿಗಳ ಹೇಳಿಕೆ ತಾಳೆಯಾಗದಿದ್ದಾಗ ಮೆದುಳಿನ ಬುಡದಲ್ಲಿರುವ ವಾಂತಿಯ ಕೇಂದ್ರ ಎಚ್ಚರಗೊಳ್ಳುತ್ತದೆ.

ಈ ತಕರಾರಿನಲ್ಲಿ ಕಿವಿಯೇ ಮುಖ್ಯ ಕಕ್ಷಿದಾರ ಎಂಬುದಕ್ಕೆ ಹಳೆಯ ಪುರಾವೆ ಇದೆ. ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ 1882ರಲ್ಲಿ ಹುಟ್ಟುಕಿವುಡರೂ ಸೇರಿದಂತೆ ಕಿವಿ ಕೇಳದ ಐನೂರಕ್ಕೂ ಹೆಚ್ಚು ಮಂದಿಯನ್ನು ವಿಚಾರಿಸಿದಾಗ, ಅವರಲ್ಲಿ ಅನೇಕರಿಗೆ ಗಿರಗಿರನೆ ತಿರುಗಿಸಿದರೂ ತಲೆಸುತ್ತೇ ಬರುವುದಿಲ್ಲ ಎಂದು ಗೊತ್ತಾಯಿತು. 1950ರ ದಶಕದಲ್ಲಿ ನಾಯಿಗಳ ಮೇಲೆ ನಡೆದ ಪ್ರಯೋಗಗಳು ಇನ್ನೂ ನೇರ, ಇನ್ನೂ ನಿರ್ದಯ: ಒಳಕಿವಿಯ ಈ ಭಾಗವನ್ನು ತೆಗೆದುಹಾಕಿದ ನಾಯಿಗಳನ್ನು ಉಯ್ಯಾಲೆಯಲ್ಲಿ ಎಷ್ಟು ತೂಗಿದರೂ ಅವು ವಾಂತಿ ಮಾಡಲಿಲ್ಲ.

ದೊಡ್ಡ ನಾಯಿಗಳಿಗಿಂತ ಮರಿಗಳಿಗೆ ಈ ಕಾಟ ಹೆಚ್ಚು. ಬೆಳೆದಂತೆ ಬಹಳಷ್ಟು ಮರಿಗಳ ಹೊಟ್ಟೆ ಸರಿಹೋಗುತ್ತದೆ, ಆದರೆ ನೆನಪು ಉಳಿಯುತ್ತದೆ. ಹೊಟ್ಟೆ ತೊಳಸಿದ ನೆನಪಂತೂ ಬೇರೆಲ್ಲ ನೆನಪಿಗಿಂತ ಬೇಗ ಅಂಟಿಕೊಳ್ಳುವಂಥದ್ದು. ಅಮೆರಿಕದ ಮನೋವಿಜ್ಞಾನಿ ಜಾನ್ ಗಾರ್ಸಿಯಾ ಮತ್ತು ಸಂಗಡಿಗರು 1955ರಲ್ಲಿ ಸಿಹಿನೀರು ಕುಡಿಯುತ್ತಿದ್ದ ಇಲಿಗಳಿಗೆ ವಿಕಿರಣ ಹಾಯಿಸಿ ಕಾಯಿಲೆ ಬರಿಸಿದರು. ಆಮೇಲೆ ಆ ಇಲಿಗಳು ಸಿಹಿನೀರಿನಿಂದ ದೂರ ಸರಿದವು. ಎಂದೋ ಕೆಟ್ಟ ಮೀನು ತಿಂದು ಒದ್ದಾಡಿದವರು ಮೀನಿನ ಹೆಸರೆತ್ತಿದರೆ ಇವತ್ತಿಗೂ ಮುಖ ಸಿಂಡರಿಸುವುದು ಇದೇ ಬಗೆಯ ಕಲಿಕೆ. ನಾಯಿಯ ವಿಷಯದಲ್ಲಿ ಕಾರಿನ ವಾಸನೆ, ಬಾಗಿಲಿನ ಸದ್ದು, ಕೊನೆಗೆ ಮೊಳೆಯ ಮೇಲಿನ ಕೀಲಿಕೈ ಕೂಡ ಆ ಕೆಟ್ಟ ಮೀನಿನ ಜಾಗಕ್ಕೆ ಬಂದು ನಿಲ್ಲುತ್ತದೆ.

ಬೆಳ್ಳಿಗೆ ಇನ್ನೊಂದು ಕಥೆಯೂ ಇದೆ. ಅವಳ ಕಿವಿಯ ತುದಿಯಲ್ಲಿ ಕತ್ತರಿಸಿದ ಗುರುತಿದೆ. ಬೀದಿನಾಯಿಗಳನ್ನು ಹಿಡಿದು ಸಂತಾನಹರಣ ಶಸ್ತ್ರಕ್ರಿಯೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು ಎಂಬುದು ಕೇಂದ್ರದ 2023ರ ನಿಯಮ. ಶಸ್ತ್ರಕ್ರಿಯೆಯಾದ ನಾಯಿಗೆ ಕಿವಿಯ ಗುರುತೇ ಪ್ರಮಾಣಪತ್ರ. ಒಳ್ಳೆಯ ಕೆಲಸವೇ, ಅನುಮಾನವಿಲ್ಲ. ಆದರೆ ಅವಳ ಕಡೆಯಿಂದ ಯೋಚಿಸಿ. ಬದುಕಿನ ಮೊದಲ ವಾಹನ ಯಾನ ಬಲೆಯಲ್ಲಿ ಶುರುವಾಗಿ, ಗುರುತಿಲ್ಲದ ನಾಯಿಗಳ ಬೊಗಳಾಟದ ನಡುವೆ ಸಾಗಿ, ಹೊಟ್ಟೆಯ ಹೊಲಿಗೆಯಲ್ಲಿ ಮುಗಿದಿದೆ. ನಾವು ಮನೆಗೆ ತಂದ ಮೇಲೂ ಕಾರು ಹತ್ತಿಸಿದ್ದು ಸೂಜಿ ಚುಚ್ಚಿಸಲಿಕ್ಕೆ ಮಾತ್ರ. ನಾಯಿಗಳ ಕಲಿಕೆಯನ್ನು ಅಭ್ಯಸಿಸಿದ ರಷ್ಯಾದ ವಿಜ್ಞಾನಿ ಪಾವ್ಲೋವ್ ಇದ್ದಿದ್ದರೆ ಇಷ್ಟು ಅಚ್ಚುಕಟ್ಟಾದ ಪಾಠವನ್ನು ತಾನೂ ಕಲಿಸಿರಲಿಲ್ಲ ಎನ್ನುತ್ತಿದ್ದರೇನೋ.

ಪಾವ್ಲೋವ್ ಎಂದೊಡನೆ ಎಲ್ಲರಿಗೂ ಗಂಟೆ ಮತ್ತು ಜೊಲ್ಲು ನೆನಪಾಗುತ್ತವೆ. ನಮಗೆ ಬೇಕಾದದ್ದು ಅವರ ಪ್ರಯೋಗಶಾಲೆಗೆ ನೀರು ನುಗ್ಗಿದ ದಿನದ ಸುದ್ದಿ. 1924ರ ಸೆಪ್ಟೆಂಬರ್ 23ರಂದು ಲೆನಿನ್‌ಗ್ರಾಡ್‌ನಲ್ಲಿ ನೇವಾ ನದಿ ಉಕ್ಕಿ ಹರಿಯಿತು. ಪಾವ್ಲೋವ್ ಅವರ ನಾಯಿಗಳನ್ನು ಬಹಳ ಕಷ್ಟಪಟ್ಟು ಉಳಿಸಿಕೊಂಡರು. ಕೆಲವು ದಿನಗಳ ಮೇಲೆ ನೋಡಿದರೆ ಒಂದು ನಾಯಿ ತಾನು ಕಲಿತದ್ದನ್ನೆಲ್ಲ ಕಳೆದುಕೊಂಡಿತ್ತು, ಇಟ್ಟ ಊಟವನ್ನೂ ಮುಟ್ಟುತ್ತಿರಲಿಲ್ಲ. ಪ್ರಯೋಗ ಮಾಡುವವರು ಅದರ ಜೊತೆ ಕೋಣೆಯಲ್ಲೇ ಕುಳಿತರು. ಆಗ ಅದು ಮೆಲ್ಲಗೆ ಚೇತರಿಸಿಕೊಂಡಿತು. ಸಂಪೂರ್ಣ ಗುಣವಾಯಿತು ಎನ್ನಿಸಿದ ಮೇಲೆ ಒಂದು ದಿನ ಬಾಗಿಲ ಕೆಳಗಿನಿಂದ ಸದ್ದಿಲ್ಲದೆ ಒಂದಿಷ್ಟು ನೀರು ಹರಿಯಬಿಟ್ಟರು. ನಾಯಿ ನೆಗೆದು ನಿಂತು, ನೆಲವನ್ನೇ ದಿಟ್ಟಿಸುತ್ತ ಏದುಸಿರು ಬಿಟ್ಟಿತು. ಹಳೆಯ ಭಯ ಅಳಿಸಿರಲಿಲ್ಲ, ಅದರ ಮೇಲೆ ಹೊಸದೊಂದು ನೆನಪು ಬಂದು ಕುಳಿತಿತ್ತು ಅಷ್ಟೇ.

ಅದೇ 1924ರಲ್ಲಿ ಅಮೆರಿಕದಲ್ಲಿ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್ ಮೊಲ ಕಂಡರೆ ಕಿರುಚುತ್ತಿದ್ದ ಇನ್ನೂ ಮೂರು ತುಂಬದ ಪೀಟರ್ ಎಂಬ ಹುಡುಗನ ಭಯ ಬಿಡಿಸಿದ ವರದಿ ಪ್ರಕಟಿಸಿದರು. ಮೊಲಕ್ಕೆ ಹೆದರದ ಮಕ್ಕಳ ಜೊತೆ ಆಡಲು ಬಿಟ್ಟು ಪೀಟರನನ್ನು ಮೊಲದ ಹತ್ತಿರ ತಂದಿದ್ದರು. ಅಷ್ಟರಲ್ಲಿ ಅವನು ಜ್ವರ ಬಂದು ಆಸ್ಪತ್ರೆ ಸೇರಿದ. ಗುಣವಾಗಿ ಟ್ಯಾಕ್ಸಿ ಹತ್ತುವ ಹೊತ್ತಿಗೆ ದೊಡ್ಡದೊಂದು ನಾಯಿ ಮೈಮೇಲೆ ಎಗರಿ, ಗಳಿಸಿದ್ದೆಲ್ಲ ಸೊನ್ನೆಯಾಯಿತು. (ಟ್ಯಾಕ್ಸಿಗೆ ಹೆದರುವ ನಾಯಿಗಳ ಬಗ್ಗೆ ಬರೆಯುವಾಗ ಇದು ಎದುರಾದದ್ದು ನನಗೆ ತಮಾಷೆ ಎನಿಸಿತು.) ಜೋನ್ಸ್ ಮತ್ತೆ ಮೊದಲಿನಿಂದ ಶುರುಮಾಡಿದರು. ಈ ಸಲ ಪೀಟರನ ಮುಂದೆ ಅವನಿಗಿಷ್ಟದ ತಿಂಡಿ ಇಟ್ಟು, ಅವನು ತಿನ್ನುವುದು ನಿಲ್ಲದಷ್ಟು ದೂರದಲ್ಲಿ ಮೊಲದ ಪಂಜರ ಇಟ್ಟರು. ದಿನದಿನಕ್ಕೂ ಅದನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಕೊನೆಗೆ ಅವನು ಮೊಲಕ್ಕೆ ತನ್ನ ಬೆರಳು ಮೆಲ್ಲಲು ಕೊಟ್ಟ. ನಾಯಿಗೆ ಕಾರಿನ ಭಯ ಬಿಡಿಸಲು ಇಂದು ಪಶುವೈದ್ಯರು ಹೇಳಿಕೊಡುವುದು ಹೆಚ್ಚುಕಡಿಮೆ ಇದನ್ನೇ. ಇದರಲ್ಲೊಂದು ಎಚ್ಚರವಿದೆ: ಮೊಲವನ್ನು ಅವಸರದಲ್ಲಿ ಹತ್ತಿರ ತಂದರೆ ತಿಂಡಿಯೂ ಭಯದ ಪಾಲಾಗುತ್ತದೆ.

ಹಾಗಾಗಿ ಅಳತೆಗೋಲು ನಾಯಿಯ ಬಾಯಿ. ಕೋಳಿಯ ತುಂಡು ಕೊಟ್ಟರೂ ಮುಖ ತಿರುಗಿಸಿದರೆ ನೀವು ಅದರ ತಾಳ್ಮೆಯ ಗಡಿ ದಾಟಿದ್ದೀರಿ, ಹಿಂದೆ ಸರಿಯಬೇಕು. ತುಟಿ ನೆಕ್ಕಿಕೊಳ್ಳುವುದು, ನಿದ್ದೆಯ ಹೊತ್ತಲ್ಲದಿದ್ದರೂ ಆಕಳಿಸುವುದು, ಸೆಕೆಯಿಲ್ಲದೆ ತೇಕುವುದು, ಕಣ್ಣಿನ ಬಿಳಿ ಕಾಣುವಂತೆ ವಾರೆನೋಟ ಬೀರುವುದು, ಇವೆಲ್ಲ ಅದಕ್ಕೂ ಮುಂಚಿನ ಸೂಚನೆಗಳು.

ನಾವು ಶುರುಮಾಡಿದ್ದು ಗೇಟಿನೊಳಗೆ ನಿಂತ ಕಾರಿನಿಂದ. ಎಂಜಿನ್ ಇಲ್ಲ, ಎರಡೂ ಬದಿಯ ಬಾಗಿಲು ತೆರೆದಿದೆ. ಬೆಳ್ಳಿಯ ಅನ್ನದ ತಟ್ಟೆ ಮೊದಲು ಕಾರಿಗೆ ಹತ್ತು ಹೆಜ್ಜೆ ದೂರ, ಆಮೇಲೆ ಚಕ್ರದ ಪಕ್ಕ, ಆಮೇಲೆ ಬಾಗಿಲ ಹೊಸ್ತಿಲಲ್ಲಿ. ಒಳಗೆ ಅವಳದೇ ವಾಸನೆಯ ಹಳೆಯ ಜಮಖಾನ ಹಾಸಿದೆವು. ಹತ್ತಿದಳು, ತಿಂದಳು, ಇಳಿದಳು. ಯಾರೂ ಬಾಗಿಲು ಹಾಕಲಿಲ್ಲ. ಇದು ಮುಖ್ಯ. ಬಿಸ್ಕತ್ತು ತೋರಿಸಿ ಹತ್ತಿಸಿ ದಬಕ್ಕನೆ ಬಾಗಿಲು ಹಾಕುವ ಜಾಣತನ ಒಂದೇ ಸಲ ಫಲಿಸುತ್ತದೆ, ಮರುದಿನದಿಂದ ಬಿಸ್ಕತ್ತು ಕಂಡರೂ ನಾಯಿ ಮಂಚದಡಿ. ಎಂಜಿನ್ನಿನ ಸದ್ದನ್ನು ಬೇರೆಯಾಗಿಯೇ ಕಲಿಸಬೇಕು. ಒಬ್ಬರು ಕಾರು ಚಾಲೂ ಮಾಡಿದರೆ, ಇನ್ನೊಬ್ಬರು ಅಂಗಳದ ಆ ತುದಿಯಲ್ಲಿ ನಾಯಿಗೆ ತಿನ್ನಿಸುತ್ತಿರಬೇಕು. ಎರಡೂ ಒಗ್ಗಿದ ಮೇಲೆ ಗೇಟಿನವರೆಗೆ, ಬೀದಿಯ ಕೊನೆಯವರೆಗೆ, ಮುಂದೊಂದು ದಿನ ಕೆರೆ ಏರಿಯವರೆಗೆ. ಆಸ್ಪತ್ರೆಗಲ್ಲ. ಹಿಂದಿನ ಸೀಟಿನಲ್ಲಿ ಜೊತೆಗೊಬ್ಬರು ಕೂತರೆ ಒಳ್ಳೆಯದು, ಲೆನಿನ್‌ಗ್ರಾಡ್‌ನ ನಾಯಿಗೆ ಹಿಡಿಸಿದ ಮದ್ದು ಅದೇ ತಾನೇ. ಹೆದರಿದ ನಾಯಿಯನ್ನು ಮುದ್ದಿಸಿದರೆ ಭಯ ಹೆಚ್ಚಾಗುತ್ತದೆ ಎಂಬ ಮಾತನ್ನು ನಂಬಬೇಡಿ. ಭಯ ಬಹುಮಾನಕ್ಕಾಗಿ ಮಾಡುವ ಕೆಲಸವಲ್ಲ.

ಇಲ್ಲೊಂದು ತೊಡಕಿದೆ. ಪಾಠಕ್ಕೆ ತಿಂಡಿ ಬೇಕು, ಚಲಿಸುವ ಕಾರಿನಲ್ಲಿ ಹೊಟ್ಟೆ ತುಂಬಿರಬಾರದು. ವಾಂತಿ ಮಾಡುವ ನಾಯಿಗೆ ಎಷ್ಟು ಪ್ರೀತಿಯಿಂದ ಕಲಿಸಿದರೂ ಪ್ರತಿ ತಿರುವಿನಲ್ಲೂ ಅದರ ಕಿವಿ ಪಾಠವನ್ನು ಅಳಿಸುತ್ತಲೇ ಇರುತ್ತದೆ. ಆದ್ದರಿಂದ ಜೊಲ್ಲು, ವಾಂತಿ ಇರುವ ನಾಯಿಗೆ ಮೊದಲು ಹೊಟ್ಟೆಯ ಚಿಕಿತ್ಸೆ, ಆಮೇಲೆ ಮನಸ್ಸಿನದು ಎಂಬುದು ನನ್ನ ಖಚಿತ ಅಭಿಪ್ರಾಯ. ಮಾರೋಪಿಟಂಟ್ ಎಂಬ ಔಷಧಿಗೆ ಅಮೆರಿಕದಲ್ಲಿ 2007ರಲ್ಲಿ ನಾಯಿಗಳಿಗೆಂದೇ ಅನುಮತಿ ಸಿಕ್ಕಿತು. ವಾಂತಿಯ ಸಂದೇಶ ಒಯ್ಯುವ ‘ಸಬ್‌ಸ್ಟೆನ್ಸ್ ಪಿ’ ಎಂಬ ರಾಸಾಯನಿಕ ಹೋಗಿ ಕೂರುವ ಜಾಗವನ್ನು ಅದು ಮೊದಲೇ ಹಿಡಿದಿಟ್ಟುಕೊಳ್ಳುತ್ತದೆ. ಭಯ ತೀರಾ ಹೆಚ್ಚಿದ್ದರೆ ಅದಕ್ಕೆ ಬೇರೆಯೇ ಮಾತ್ರೆಗಳಿವೆ. ಯಾವುದು, ಎಷ್ಟು ಎಂಬುದನ್ನು ಪಶುವೈದ್ಯರು ನಾಯಿಯ ತೂಕ ನೋಡಿ ಹೇಳಬೇಕು. ಘಾಟಿ ಪ್ರಯಾಣಕ್ಕೆಂದು ನಿಮ್ಮ ಪರ್ಸಿನಲ್ಲಿರುವ ಮಾತ್ರೆಯನ್ನು ಅರ್ಧ ಮುರಿದು ಕೊಡಬೇಡಿ.

ಉಳಿದವು ಸಣ್ಣಪುಟ್ಟವು. ಕಿಟಕಿ ಎರಡು ಬೆರಳಷ್ಟು ಇಳಿದಿರಲಿ, ಆದರೆ ತಲೆ ಹೊರಗೆ ಹಾಕಲು ಬಿಡಬೇಡಿ. ಎದೆಗೆ ಕಟ್ಟುವ ಪಟ್ಟಿ ಹಾಕಿ ಸೀಟ್ ಬೆಲ್ಟಿಗೆ ಸಿಕ್ಕಿಸಿದರೆ ಬ್ರೇಕ್ ಹಾಕಿದಾಗ ನಾಯಿ ಮುಗ್ಗರಿಸುವುದಿಲ್ಲ. ಡ್ಯಾಶ್‌ಬೋರ್ಡಿನ ಮೇಲಿನ ಘಾಟು ಸುಗಂಧದ ಡಬ್ಬಿ ನನಗೇ ತಲೆನೋವು ತರಿಸುತ್ತದೆ, ನಾಯಿಯ ಮೂಗಿನ ಪಾಡು ಊಹಿಸಿಕೊಳ್ಳಿ. ಹಾಗೆಂದು ಎಲ್ಲ ಪರಿಮಳವೂ ಕೆಟ್ಟದ್ದಲ್ಲ. ಬೆಲ್‌ಫಾಸ್ಟ್‌ನ ಡೆಬೊರಾ ವೆಲ್ಸ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾರಿನಲ್ಲಿ ವಿಪರೀತ ಚಡಪಡಿಸುವ 32 ನಾಯಿಗಳು ಲ್ಯಾವೆಂಡರ್ ಪರಿಮಳವಿದ್ದಾಗ ಹೆಚ್ಚು ಹೊತ್ತು ಕೂತವು, ಕಡಿಮೆ ಬೊಗಳಿದವು. ಅವು ಹೆದರಿದ ನಾಯಿಗಳಲ್ಲ, ಉಮೇದು ಜಾಸ್ತಿಯಾದವು ಎಂಬುದನ್ನು ಮರೆಯಬಾರದು.

ಸಣ್ಣದಲ್ಲದ ಮಾತೊಂದಿದೆ. ಕಾರು ಒಗ್ಗಿತೆಂದು ನಾಯಿಯನ್ನು ಒಳಗೆ ಬಿಟ್ಟು ತರಕಾರಿಗೆ ಹೋಗಬೇಡಿ. ಬಿಸಿಲಲ್ಲಿ ನಿಂತ ಕಾರಿನ ಒಳಗಿನ ಉಷ್ಣತೆ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರಿದ್ದನ್ನು, ಅದರಲ್ಲೂ ಬಹುಪಾಲು ಮೊದಲ ಅರ್ಧ ಗಂಟೆಯಲ್ಲೇ ಏರಿದ್ದನ್ನು ಅಮೆರಿಕದ ವೈದ್ಯರು 2005ರಲ್ಲಿ ಅಳೆದು ತೋರಿಸಿದ್ದಾರೆ. ಕಿಟಕಿ ಸ್ವಲ್ಪ ತೆರೆದಿಟ್ಟದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ನಾಯಿಗೆ ಬೆವರುವುದು ಪಾದಗಳಲ್ಲಿ ಮಾತ್ರ.

ಬೆಳ್ಳಿ ಈಗ ಕೆರೆ ಏರಿಯವರೆಗೆ ಬರುತ್ತಾಳೆ. ಆಸ್ಪತ್ರೆಯ ರಸ್ತೆಗೆ ಕಾರು ಹೊರಳಿದರೆ ಇಂದಿಗೂ ಗುರುತು ಹಿಡಿದು ತುಟಿ ನೆಕ್ಕಿಕೊಳ್ಳುತ್ತಾಳೆ. ಅಷ್ಟಕ್ಕೇ ನಾಲ್ಕು ತಿಂಗಳು ಹಿಡಿಯಿತು. ನಿಮ್ಮ ನಾಯಿಯ ರೇಬಿಸ್ ಲಸಿಕೆಗೆ ಇನ್ನೂ ನಾಲ್ಕು ತಿಂಗಳಿದೆಯೇ? ಇವತ್ತು ಸಂಜೆಯೇ ಅದರ ತಟ್ಟೆಯನ್ನು ಕಾರಿನಿಂದ ಹತ್ತು ಹೆಜ್ಜೆ ದೂರದಲ್ಲಿಡಿ.