ಬಿಸಿಲು ಮಳೆಗೆ ಟರ್ಪಾಲು ಎಷ್ಟು ಕಾಲ ಬಾಳೀತು?

ವೃಶ್ಚಿಕ ಮಾಸ ಕಾಲಿಡುತ್ತಲೇ ಅಡೂರು, ದೇಲಂಪಾಡಿ, ಮುಳ್ಳೇರಿಯ ಕಡೆಯ ಮನೆಯಂಗಳಗಳಲ್ಲಿ ಅಡಿಕೆ ಹರಡುವ ಕೆಲಸ ಆರಂಭವಾಗುತ್ತದೆ. ಹಣ್ಣಡಿಕೆ ಒಣಗಿ ಚಾಲಿಯಾಗಲು ಸುಮಾರು 40ರಿಂದ 45 ದಿನಗಳ ಬಿಸಿಲು ಬೇಕು. ಈ ಒಂದೂವರೆ ತಿಂಗಳಲ್ಲಿ ಅಕಾಲ ಮಳೆ ಸುರಿದು ಅಡಿಕೆ ನೆನೆದರೆ ಬೂಷ್ಟು ಹಿಡಿಯುತ್ತದೆ, ಧಾರಣೆ ಇಳಿಯುತ್ತದೆ. ಹಿಂದೆ ಸೋಗೆ, ಮಡಲು ಮಾಡುತ್ತಿದ್ದ ಕೆಲಸವನ್ನು ಈಗ ಪ್ಲಾಸ್ಟಿಕ್ ಟರ್ಪಾಲು ಮತ್ತು ಪಾರದರ್ಶಕ ಹಾಳೆ ಹೊದೆಸಿದ ಸೋಲಾರ್ ಗೂಡುಗಳು ಮಾಡುತ್ತಿವೆ. ಮನೆಯ ವರ್ಷದ ಆದಾಯವನ್ನು ಒಂದು ತೆಳ್ಳನೆಯ ಹಾಳೆ ಕಾಯುತ್ತಿದೆ ಎಂದರೆ ಅತಿಶಯೋಕ್ತಿಯಲ್ಲ.

ಆದರೆ ಎಲ್ಲ ಹಾಳೆಗಳೂ ಒಂದೇ ಸಮನಾಗಿ ಬಾಳುವುದಿಲ್ಲ. ಒಂದು ಹಾಳೆ ಎರಡನೆಯ ವರ್ಷವೇ ಮುಟ್ಟಿದರೆ ಪುಡಿಯಾಗುತ್ತದೆ. ಅದೇ ಬಣ್ಣದ, ಅದೇ ದಪ್ಪದ ಇನ್ನೊಂದು ಹಲವು ವರ್ಷ ಬರುತ್ತದೆ. ಕಣ್ಣಿಗೆ ಕಾಣದ ಈ ವ್ಯತ್ಯಾಸವನ್ನು ಮಾರಾಟಕ್ಕೆ ಮೊದಲೇ ಕಂಡುಹಿಡಿಯುವ ಪರೀಕ್ಷೆಗಳಿವೆ. ಅವುಗಳ ವಿಚಾರ ಕೃಷಿಕರಿಗೆ ತಿಳಿದಿರುವುದು ಒಳ್ಳೆಯದೆಂದು ನಾವು ಭಾವಿಸುತ್ತೇವೆ.

ಅಡೂರಿನ ಮಹಾಲಿಂಗೇಶ್ವರ ದೇವಸ್ಥಾನದ ಬಳಿ ಚಾಲುಕ್ಯ ದೊರೆ ಎರಡನೆಯ ಕೀರ್ತಿವರ್ಮನ ಕಾಲದ, ಅಂದರೆ 8ನೆಯ ಶತಮಾನದ ಸಂಸ್ಕೃತ ಶಾಸನವಿದೆ. ಕಲ್ಲಿನ ಬಾಳು ಅಷ್ಟು ದೀರ್ಘ. ಪ್ಲಾಸ್ಟಿಕ್ಕಿನ ರಚನೆಯೇ ಬೇರೆ. ಪಾಲಿಥೀನ್ ಎಂಬುದು ಇಂಗಾಲದ ಪರಮಾಣುಗಳು ಸರಪಳಿಯಂತೆ ಹೆಣೆದುಕೊಂಡ ವಸ್ತು. ಬಿಸಿಲಿನ ಶಕ್ತಿಯಲ್ಲಿ ನೂರಕ್ಕೆ ಸುಮಾರು 5 ಪಾಲು ಮಾತ್ರ ಅತಿನೇರಳೆ ಕಿರಣ. ಆದರೆ ಆ ಸರಪಳಿಯನ್ನು ಕಡಿಯುವುದು ಮುಖ್ಯವಾಗಿ ಆ ಐದು ಪಾಲೇ. ಕಡಿದ ತುದಿಗೆ ಗಾಳಿಯ ಆಮ್ಲಜನಕ ಸೇರಿ ಮುಂದಿನ ಕೊಂಡಿಗಳನ್ನೂ ಸಡಿಲಿಸುತ್ತದೆ. ಉಷ್ಣತೆ ಏರಿದಷ್ಟೂ ಈ ಕ್ರಿಯೆಯ ವೇಗ ಹೆಚ್ಚು. ನೀರು ಹಾಳೆಯೊಳಗಿನ ರಕ್ಷಕ ದ್ರವ್ಯವನ್ನು ಮೆಲ್ಲಮೆಲ್ಲನೆ ಹೊರಗೆಳೆಯಬಲ್ಲುದು. ಬಿಸಿಲು, ಸೆಕೆ, ತೇವ ಮೂರೂ ಸೇರಿದಾಗ ಆಗುವ ಹಾನಿ ಒಂದೊಂದರ ಹಾನಿಯನ್ನು ಕೂಡಿಸಿದ್ದಕ್ಕಿಂತ ಹೆಚ್ಚಾಗಬಹುದು.

ತೋಟಕ್ಕೆ ನೀರು ಹಾಯಿಸುವ ಎಚ್‌ಡಿಪಿಇ ಪೈಪು ಕಪ್ಪಗಿರುವುದೇಕೆಂದು ಮಕ್ಕಳು ಕೇಳುವುದುಂಟು. ಅದರಲ್ಲಿ ನೂರಕ್ಕೆ ಸುಮಾರು ಎರಡೂವರೆ ಪಾಲು ಇಂಗಾಲದ ಮಸಿ ಬೆರೆಸಿರುತ್ತಾರೆ. ಅತಿನೇರಳೆ ಕಿರಣವನ್ನು ಆ ಮಸಿ ತಾನೇ ಹೀರಿಕೊಂಡು ಪೈಪನ್ನು ಉಳಿಸುತ್ತದೆ. ಬೆಳಕು ಒಳಗೆ ಬರಬೇಕಾದ ಸೋಲಾರ್ ಗೂಡಿನ ಹಾಳೆಗೆ ಮಸಿ ಬೆರೆಸುವಂತಿಲ್ಲ. ಅದಕ್ಕೆ ಬಣ್ಣವಿಲ್ಲದ ರಾಸಾಯನಿಕ ಸ್ಥಿರಕಾರಕ ಬೇಕು. ಅದಕ್ಕೆ ಬೆಲೆಯಿದೆ. ಅಗ್ಗದ ಹಾಳೆಯಲ್ಲಿ ಮೊದಲು ಕಡಿಮೆಯಾಗುವುದು ಇದೇ.

ಈಗ ಪರೀಕ್ಷೆಯ ಕ್ರಮಕ್ಕೆ ಬರೋಣ. ಕಪಾಟಿನಂತಹ ಯಂತ್ರದಲ್ಲಿ ಹಾಳೆಯ ತುಂಡುಗಳನ್ನು ಜೋಡಿಸಿ, ಬಿಸಿಲಿನ ಅತಿನೇರಳೆ ಭಾಗವನ್ನು ಹೋಲುವ ದೀಪ ಹಚ್ಚುತ್ತಾರೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಒಂದು ಕ್ರಮದಲ್ಲಿ 60 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 8 ಗಂಟೆ ಬೆಳಕು, ಬಳಿಕ ದೀಪ ಆರಿಸಿ 50 ಡಿಗ್ರಿಯಲ್ಲಿ 4 ಗಂಟೆ ಇಬ್ಬನಿ. ನೀರನ್ನು ಕಾಯಿಸಿ ಆವಿ ಮಾಡಿದರೆ ಅದು ತುಂಡಿನ ಮೇಲೆ ಹನಿಗಟ್ಟುತ್ತದೆ. ಹೀಗೆ ಹಗಲು ರಾತ್ರಿಗಳು ನೂರಾರು, ಸಾವಿರಾರು ಗಂಟೆ ಉರುಳುತ್ತವೆ. ಬಿಸಿಲಿನ ಎಲ್ಲ ಬಣ್ಣಗಳೂ ಬೇಕೆಂದಾಗ ಕ್ಸೆನಾನ್ ದೀಪ ಬಳಸುತ್ತಾರೆ. ಈ ವಿಧಾನಗಳ ಅಂತಾರಾಷ್ಟ್ರೀಯ ಮಾನಕಕ್ಕೆ ಐಎಸ್‌ಒ 4892 ಎಂದು ಹೆಸರು. ಅವಧಿ ಮುಗಿದ ಮೇಲೆ ತುಂಡನ್ನು ಎಳೆದು ನೋಡುತ್ತಾರೆ. ಮೊದಲು ಎಷ್ಟು ಹಿಗ್ಗುತ್ತಿತ್ತೋ ಅದರ ಅರ್ಧಕ್ಕೆ ಇಳಿದರೆ ಹಾಳೆಯ ಆಯುಸ್ಸು ತೀರಿತೆಂದು ಲೆಕ್ಕ ಹಿಡಿಯುವುದು ವಾಡಿಕೆ. ಬಣ್ಣ ಚೆನ್ನಾಗಿದ್ದರೂ ಬಲ ಹೋಗಿರಬಹುದು.

ಮನೆಯ ಮಾಡಿನ ಸೌರ ಫಲಕಗಳಿಗೂ ಇಂತಹ ಅಗ್ನಿಪರೀಕ್ಷೆಯಿದೆ. 85 ಡಿಗ್ರಿ ಉಷ್ಣತೆ, ನೂರಕ್ಕೆ 85 ತೇವಾಂಶದಲ್ಲಿ ಅವು 1,000 ಗಂಟೆ ಕಳೆಯಬೇಕು. ಅದಲ್ಲದೆ ಮೈನಸ್ 40ರಿಂದ 85 ಡಿಗ್ರಿವರೆಗೆ 200 ಬಾರಿ ತಣಿದು ಕಾಯಬೇಕು.

ಹಾಗಾದರೆ ಯಂತ್ರದಲ್ಲಿ ಸಾವಿರ ಗಂಟೆ ಉಳಿದ ಟರ್ಪಾಲು ಅಡೂರಿನಲ್ಲಿ ಎಷ್ಟು ವರ್ಷ ಉಳಿದೀತು? ಇದಕ್ಕೆ ಒಂದೇ ಗುಣಾಕಾರದ ಉತ್ತರವಿಲ್ಲ. ಬಿಸಿಲಿನ ಊರಿಗೂ ಬಿಸಿಲು ತೇವಗಳೆರಡೂ ಇರುವ ಊರಿಗೂ ಲೆಕ್ಕ ಬೇರೆ. ಅದಕ್ಕಾಗಿಯೇ ಅಮೆರಿಕದಲ್ಲಿ ಒಣಹವೆಯ ಅರಿಜೋನಾದಲ್ಲೂ ತೇವದ ಫ್ಲೋರಿಡಾದಲ್ಲೂ ವಸ್ತುಗಳನ್ನು ಬಯಲಿನಲ್ಲಿಟ್ಟು ನೋಡುತ್ತಾರೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ನಮ್ಮ ಜಿಲ್ಲೆ ಫ್ಲೋರಿಡಾದ ಕಡೆಗೇ ಸೇರಬೇಕು. ಅಲ್ಲದೆ, ಬೇಗ ಮುಗಿಸುವ ಆತುರದಲ್ಲಿ ನೆಲ ಮುಟ್ಟುವ ಬಿಸಿಲಿನಲ್ಲಿ ಇಲ್ಲದ ಕಿರಣಗಳನ್ನು ಬಿಟ್ಟರೆ ಫಲಿತಾಂಶವೇ ತಪ್ಪಬಹುದು. ಅದು ಹೇಳದ ಪಾಠದಿಂದ ಪ್ರಶ್ನೆ ಕೇಳಿದಂತೆ. ಎರಡು ಹಾಳೆಗಳಲ್ಲಿ ಯಾವುದು ಮೇಲೆಂದು ಯಂತ್ರ ಚೆನ್ನಾಗಿ ಹೇಳುತ್ತದೆ. ಇಂತಿಷ್ಟೇ ವರ್ಷ ಎಂಬ ಭರವಸೆಯನ್ನು ಅದೊಂದೇ ಕೊಡಲಾರದು.

ಆದುದರಿಂದ ಅಂಗಡಿಯಲ್ಲಿ ಬಣ್ಣ, ಬೆಲೆ ಮಾತ್ರ ನೋಡದೆ ಮೂರು ಪ್ರಶ್ನೆ ಕೇಳಬೇಕು. ಯುವಿ ಸ್ಥಿರಕಾರಕ ಬೆರೆಸಿದೆಯೇ? ಚದರ ಮೀಟರಿಗೆ ಎಷ್ಟು ಗ್ರಾಂ ತೂಕ? ಯಾವ ಮಾನಕದಂತೆ, ಎಷ್ಟು ಗಂಟೆ, ತೇವ ಸಹಿತವಾಗಿ ಪರೀಕ್ಷೆಯಾಗಿದೆಯೇ? ನೇಯ್ದ ಎಚ್‌ಡಿಪಿಇ ಟರ್ಪಾಲಿಗೆ ಭಾರತೀಯ ಮಾನಕ ಐಎಸ್ 7903 ಇದೆ. ರೋಲಿನ ಮೇಲಿನ ಇಂಗ್ಲಿಷ್ ಸಣ್ಣಕ್ಷರಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರು ಅಂಗಡಿಯಲ್ಲಿ ಸಿಗುವುದು ಅಪರೂಪ. ಹೈಸ್ಕೂಲಿಗೆ ಹೋಗುವ ಮಗನನ್ನೋ ಮಗಳನ್ನೋ ಜೊತೆಗೆ ಕರೆದೊಯ್ಯಿರಿ.

ಮನೆಯಲ್ಲೂ ಮಾಡಬಹುದಾದುದಿದೆ. ಹಾಳೆ ಮೊದಲು ಹರಿಯುವುದು ಕಾದ ಕಬ್ಬಿಣದ ಪೈಪಿಗೆ ತಾಗುವಲ್ಲಿ. ಪೈಪಿಗೆ ಬಿಳಿ ಬಣ್ಣ ಬಳಿಯಬೇಕು. ಗಂಧಕದ ಔಷಧಿ ಸ್ಥಿರಕಾರಕವನ್ನು ಕೆಡಿಸುತ್ತದೆ, ಸಿಂಪಡಿಸುವಾಗ ಹಾಳೆಗೆ ತಾಗದಂತೆ ಎಚ್ಚರ ಬೇಕು. ಕೆಲಸ ಮುಗಿದ ಟರ್ಪಾಲನ್ನು ಒಣಗಿಸಿ ಮಡಚಿ ಅಟ್ಟಕ್ಕೆ ಏರಿಸಬೇಕು.

ನಮ್ಮ ಶಾಲೆಗಳ ವಿಜ್ಞಾನ ಸಂಘಗಳಿಗೂ ಇದು ತಕ್ಕ ಕೆಲಸ. ಬೇರೆ ಬೇರೆ ಹಾಳೆಗಳಿಂದ ಒಂದೇ ಅಗಲದ ಪಟ್ಟಿಗಳನ್ನು ಕತ್ತರಿಸಿ, ಕೆಲವನ್ನು ದಕ್ಷಿಣಕ್ಕೆ ಮುಖಮಾಡಿದ ಓರೆ ಹಲಗೆಯ ಮೇಲೆ ಬಯಲಿನಲ್ಲೂ, ಉಳಿದವನ್ನು ಕತ್ತಲೆಯ ಪೆಟ್ಟಿಗೆಯಲ್ಲೂ ಇಡಲಿ. ತಿಂಗಳಿಗೊಮ್ಮೆ ಎರಡೂ ಕಡೆಯಿಂದ ಒಂದೊಂದು ಪಟ್ಟಿ ತೆಗೆದು, ತೂಕ ತೂಗುಹಾಕಿ, ಎಷ್ಟು ಭಾರಕ್ಕೆ ಹರಿಯಿತೆಂದು ಬರೆದಿಡಲಿ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನಮ್ಮದೇ ಹವೆಯ, ನಮ್ಮದೇ ಭಾಷೆಯ ಲೆಕ್ಕ ಕೈಗೆ ಬರುತ್ತದೆ. ಪುಡಿಯಾದ ಪ್ಲಾಸ್ಟಿಕ್ ಎಲ್ಲೂ ಮಾಯವಾಗುವುದಿಲ್ಲ. ಕಂಗಿನ ಬುಡದ ಮಣ್ಣಿಗೆ ಸೇರಿ, ಮಳೆನೀರಿನೊಡನೆ ಪಯಸ್ವಿನಿಗೂ ಇಳಿಯುತ್ತದೆ. ಬಾಳಿಕೆಯ ಹಾಳೆ ಕೊಂಡವರಿಗೆ ಹಣ ಉಳಿಯುವುದಷ್ಟೇ ಅಲ್ಲ, ಮುಂದಿನವರ ತೋಟದ ಮಣ್ಣೂ ಉಳಿಯುತ್ತದೆ.